ಪವರ್ ಸಪ್ಲೈ ಮುಟ್ಟಿದರೆ ಜುಮ್ ಅನ್ನುತ್ತದೆ, ಏನು ಮಾಡಲಿ?

ಈ ಸಲ ಬಂದ ಕಾಗದಗಳಲ್ಲಿ ಲ್ಯಾಬ್ ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಬೇಕಾದಷ್ಟು ವೋಲ್ಟಿನ ಡಿಸಿ ಮಾಡಿಕೊಡುವ ಪೆಟ್ಟಿಗೆ, ಅದರ ಬಗ್ಗೆ ಕೇಳಿದವರೇ ಜಾಸ್ತಿ. ಕಾಲೇಜಿನವರು, ಮೊಬೈಲ್ ರಿಪೇರಿ ಮಾಡುವವರು, ಕಾಫಿ ತೋಟದವರು, ಎಲ್ಲರೂ ಬರೆದಿದ್ದಾರೆ. ಹಿಂದೆ ಈ ಪೆಟ್ಟಿಗೆ ಕಾಣುತ್ತಿದ್ದುದು ಕಾಲೇಜಿನ ಲ್ಯಾಬಿನಲ್ಲಿ ಮಾತ್ರ. ಈಗ 30 ವೋಲ್ಟ್, 5 ಆಂಪಿಯರ್‌ನದು ಕೊರಿಯರ್‌ನಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಜೊತೆಗೆ ಬರುವ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಅಕ್ಷರವೂ ಸಣ್ಣ. ಹಾಗಾಗಿ ಯಾರೂ ಓದುವುದಿಲ್ಲ. ಹಾಸನದ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದಷ್ಟು ಕಾಲವೂ ನಾನು ಹುಡುಗರಿಗೆ ಹೇಳುತ್ತಿದ್ದದ್ದು ಇಷ್ಟೇ: ಮುಂದಿನ ಗುಂಡಿ ತಿರುಗಿಸುವ ಮೊದಲು ಹಿಂದುಗಡೆ ನೋಡಿ. 230 ವೋಲ್ಟ್ ಒಳಗೆ ಬರುವುದು ಆ ಕಡೆಯಿಂದ. ಅದಕ್ಕೇ ಮೂಡಿಗೆರೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಂಡಿದ್ದೇನೆ, ಅದಕ್ಕೆ ಜಾಗವನ್ನೂ ಜಾಸ್ತಿ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಪಿಯು ಕಾಲೇಜಿನ ಫಿಸಿಕ್ಸ್ ಲ್ಯಾಬಿಗೆ ಹೊಸದಾಗಿ ಎರಡು ಡಿಸಿ ಪವರ್ ಸಪ್ಲೈ ಬಂದಿವೆ. ಜೊತೆಗೆ ಬಂದ ಪ್ಲಗ್ ನಮ್ಮ ಸಾಕೆಟ್ಟಿಗೆ ಕೂರಲಿಲ್ಲ, ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದೇವೆ. ಆನ್ ಮಾಡಿ ಬಾಡಿ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ. ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದೆ. ಅಂಗಡಿಯವರನ್ನು ಕೇಳಿದರೆ "ಎಲ್ಲ ಸಪ್ಲೈನಲ್ಲೂ ಹಾಗೇ ಸಾರ್, ಪ್ಲಗ್ ತಿರುಗಿಸಿ ಹಾಕಿ ನೋಡಿ" ಅಂದರು. ಹಾಗೆ ಮಾಡಬಹುದಾ?
— ಭೌತಶಾಸ್ತ್ರ ಉಪನ್ಯಾಸಕರು, ಮೂಡಿಗೆರೆ

ಬೇಡ ಸಾರ್. ಇದನ್ನು ಓದಿದ ಕೂಡಲೇ ಎರಡರ ಪ್ಲಗ್ಗನ್ನೂ ತೆಗೆಸಿಬಿಡಿ. ಅರ್ತಿಂಗ್ ಸರಿಯಾಗುವ ತನಕ ಮಕ್ಕಳು ಅದನ್ನು ಮುಟ್ಟುವುದು ಬೇಡ.

ಜುಮ್ ಅನ್ನುವುದಕ್ಕೆ ಕಾರಣ ಇದು. ಈಗ ಬರುವ ಹಗುರವಾದ ಸಪ್ಲೈಗಳೆಲ್ಲ ಎಸ್‌ಎಂಪಿಎಸ್, ಅಂದರೆ ಕರೆಂಟನ್ನು ಅತಿ ವೇಗವಾಗಿ ಸ್ವಿಚ್ ಮಾಡಿ ವೋಲ್ಟೇಜ್ ಇಳಿಸುವಂಥವು. ಕರೆಂಟ್ ಒಳಗೆ ಬರುವ ಜಾಗದಲ್ಲೇ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸ್‌ನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು, ಹೀಗೆ ಎರಡು ಪುಟ್ಟ ಕೆಪಾಸಿಟರ್ ಕೂತಿರುತ್ತವೆ. ಬಾಡಿ ಅರ್ತ್‌ಗೆ ಸೇರಿದ್ದರೆ ಅವುಗಳಿಂದ ಸೋರುವ ಚೂರು ಕರೆಂಟ್ ಸೀದಾ ನೆಲಕ್ಕೆ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಅರ್ತ್ ಇಲ್ಲದಿದ್ದರೆ ಬಾಡಿಯ ಮೇಲೆ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಕರೆಂಟ್ ಸಾಮಾನ್ಯವಾಗಿ ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ, ಹಾಗಾಗಿ ಬರೀ ಜುಮ್ ಅನ್ನುತ್ತದೆ. ಪ್ಲಗ್ ತಿರುಗಿಸಿ ಹಾಕಿದರೂ ಫೇಸ್, ನ್ಯೂಟ್ರಲ್ ಅದಲುಬದಲಾಗುತ್ತವೆ ಅಷ್ಟೇ. ಬಾಡಿಯ ಮೇಲಿನ ಅರ್ಧ ವೋಲ್ಟೇಜು ಹಾಗೇ ಇರುತ್ತದೆ.

ಈ ಜುಮ್ ಯಾರನ್ನೂ ಕೊಲ್ಲುವುದಿಲ್ಲ. ಆದರೆ ನಾಳೆ ಒಳಗೆ ಫೇಸ್ ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದು ಬಾಡಿಗೆ ತಾಗಿತು ಅಂತಿಟ್ಟುಕೊಳ್ಳಿ. ಅರ್ತ್ ಗಟ್ಟಿ ಇದ್ದರೆ ಜೋರು ಕರೆಂಟ್ ಹರಿದು ಆ ಕ್ಷಣವೇ ಫ್ಯೂಸ್ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಫ್ಯೂಸ್ ಹೋಗುವುದಿಲ್ಲ. ಸಪ್ಲೈ ಎಂದಿನಂತೆ ಓಡುತ್ತದೆ, ಡಿಸ್‌ಪ್ಲೇ ಎಂದಿನಂತೆ ಉರಿಯುತ್ತದೆ, ಬಾಡಿಯ ಮೇಲೆ ಪೂರ್ತಿ 230 ಇರುತ್ತದೆ. ಮೊದಲು ಮುಟ್ಟಿದ ಹುಡುಗನ ಮೈಮೂಲಕವೇ ಅದು ನೆಲಕ್ಕೆ ಇಳಿಯಬೇಕು.

ಮೊದಲು ಆ ಕನ್ವರ್ಟರ್ ಎಸೆಯಿರಿ. ಸಪ್ಲೈನ ಹಿಂದೆ ಇರುವುದು ಬಹುತೇಕ ಕಂಪ್ಯೂಟರಿಗೆ ಹಾಕುವಂಥದ್ದೇ ಸಾಕೆಟ್. ಅದಕ್ಕೆ ಹೊಂದುವ, ಐಎಸ್‌ಐ ಗುರುತಿನ ಮೂರು ಪಿನ್ನಿನ ಪವರ್ ಕಾರ್ಡ್ ಹಾಸನ, ಚಿಕ್ಕಮಗಳೂರಿನ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ಗಿನ ಮೇಲಿನ ಪಿನ್ ಗಮನಿಸಿ. ಉಳಿದೆರಡಕ್ಕಿಂತ ದಪ್ಪ, ಉದ್ದವೂ ಜಾಸ್ತಿ. ಹಾಕುವಾಗ ಅರ್ತ್ ಮೊದಲು ಸೇರಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು ಅಂತ ಹಾಗೆ ಮಾಡಿದ್ದಾರೆ. ಅದನ್ನು ಮುರಿದು ಅಥವಾ ಕೊಯ್ದು ಎರಡು ಪಿನ್ನಿನ ಸಾಕೆಟ್ಟಿಗೆ ತೂರಿಸಿದ್ದನ್ನು ನಾನು ಬೇಕಾದಷ್ಟು ಕಡೆ ನೋಡಿದ್ದೇನೆ. ಅಂಥ ಪ್ಲಗ್ ಕಂಡರೆ ಸಾಕೆಟ್ಟಿನಿಂದ ತೆಗೆದು, ಅಲ್ಲೇ ವೈರ್ ಕತ್ತರಿಸಿ ಹಾಕಿ, ಇನ್ನೊಬ್ಬರು ಬಳಸದ ಹಾಗೆ.

ಸಾಕೆಟ್ಟಿಗೆ ಮೂರು ತೂತು ಇದೆ ಅಂದ ಮಾತ್ರಕ್ಕೆ ಅರ್ತ್ ಇದೆ ಅಂತಲ್ಲ. ಹಳೇ ಕಟ್ಟಡಗಳಲ್ಲಿ ಮೇಲಿನ ತೂತಿನ ಹಿಂದೆ ವೈರೇ ಇರುವುದಿಲ್ಲ. ಮಲ್ಟಿಮೀಟರ್ ಬಳಸಿ ಅಭ್ಯಾಸ ಇರುವವರು ಎಸಿ 600 ಅಥವಾ 750ರ ರೇಂಜಿನಲ್ಲಿ ನೋಡಬಹುದು. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230ರ ಆಸುಪಾಸು ಬರಬೇಕು. ಫೇಸ್‌ಗೂ ಅರ್ತ್‌ಗೂ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಒಂದೆರಡು ವೋಲ್ಟ್ ಇದ್ದರೆ ಸಹಜ. ಅದೇ ಸಾಲಿನಲ್ಲಿ ಇಸ್ತ್ರಿಪೆಟ್ಟಿಗೆಯಂಥ ಭಾರೀ ಲೋಡ್ ಹಾಕಿದಾಗಲೂ ಅದು ಸೊನ್ನೆಯಲ್ಲೇ ನಿಂತರೆ ನನಗೆ ಅನುಮಾನ. ಸಾಕೆಟ್ಟಿನ ಒಳಗೇ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ತುಂಡು ವೈರ್ ಹಾಕಿ ಕೈತೊಳೆದುಕೊಂಡಿರಬಹುದು. ಇದು ಅರ್ತ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಎಲ್ಲಾದರೂ ನ್ಯೂಟ್ರಲ್ ಕಡಿದರೆ, ಆ ಸಾಲಿನ ಅಷ್ಟೂ ಉಪಕರಣಗಳ ಬಾಡಿಗೆ ಫೇಸ್ ಬರುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಮೇನ್ ಆಫ್ ಮಾಡಿಸಿ, ಸಾಕೆಟ್ ಬಿಚ್ಚಿಸಿ ನೋಡಿ.

ಮೀಟರ್ 230 ತೋರಿಸಿತು, ಅರ್ತ್ ಗಟ್ಟಿ ಇದೆ ಅಂತ ನಂಬುವುದೂ ಸರಿಯಲ್ಲ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತುಕ್ಕು ಹಿಡಿದು ಒಂದೇ ಎಳೆಯಲ್ಲಿ ನೇತಾಡುತ್ತಿರುವ ವೈರ್ ಮೂಲಕವೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ನೆಲದಲ್ಲಿ ತೋಡಿದ ಅರ್ತ್ ಗುಂಡಿಯ ಯೋಗ್ಯತೆ ಗೊತ್ತಾಗಬೇಕಾದರೆ ಅರ್ತ್ ಟೆಸ್ಟರ್ ತಂದು ಅಳೆಯಬೇಕು. ಅಳೆದವರಿಂದ ಎಷ್ಟು ಓಮ್ ಬಂತು ಅಂತ ಬರೆಸಿಕೊಳ್ಳಿ. ಅಳತೆಯನ್ನು ಮಳೆಗಾಲದಲ್ಲಿ ಮಾಡಿಸಬೇಡಿ. ನಮ್ಮ ಮಲೆನಾಡಿನಲ್ಲಿ ಜುಲೈನಲ್ಲಿ ಯಾವ ಗುಂಡಿಯಾದರೂ ಚೆನ್ನಾಗೇ ಕಾಣುತ್ತದೆ. ನೆಲ ಒಣಗುವ ಮಾರ್ಚ್, ಏಪ್ರಿಲ್‌ನಲ್ಲಿ ಅಳೆದ ಲೆಕ್ಕವೇ ಲೆಕ್ಕ. ಭಾರತೀಯ ಮಾನಕ ಐಎಸ್ 3043 ಅರ್ತಿಂಗ್‌ಗೆಂದೇ ಇರುವುದು. ಕೆಲಸ ಕೊಡುವಾಗ ಅದರ ಪ್ರಕಾರ ಮಾಡಿಕೊಡಿ ಅಂತ ಕಾಗದದಲ್ಲೇ ಬರೆಯಿರಿ.

ಓಮ್ ಲೆಕ್ಕಕ್ಕೆ ಯಾಕಿಷ್ಟು ಒತ್ತು ಕೊಡುತ್ತಿದ್ದೇನೆ ಅಂದರೆ, ಅರ್ತ್ ಗುಂಡಿ 50 ಓಮ್ ಇದೆ ಅಂತಿಟ್ಟುಕೊಳ್ಳಿ. ಫೇಸ್ ಬಾಡಿಗೆ ತಾಗಿದರೆ 230 ಭಾಗಿಸು 50, ಅಂದರೆ 4.6 ಆಂಪಿಯರ್ ಹರಿಯುತ್ತದೆ. ಬೋರ್ಡಿನಲ್ಲಿರುವ 16 ಆಂಪಿಯರ್‌ನ ಎಂಸಿಬಿಗೆ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಅದು ಏನೂ ಅಲ್ಲ, ಬೀಳುವುದೇ ಇಲ್ಲ. ಅದಕ್ಕೇ ಲ್ಯಾಬಿನ ಸಾಲಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಬೇಕೇ ಬೇಕು ಅನ್ನುತ್ತೇನೆ. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬರದಿದ್ದರೆ ಅದು ಕಣ್ಣುಮುಚ್ಚಿ ತೆರೆಯುವುದರಲ್ಲಿ ಬೀಳುತ್ತದೆ. ಅದರ ಟೆಸ್ಟ್ ಬಟನ್ ಒತ್ತಿ ಬೀಳುತ್ತದಾ ಅಂತ ಆಗಾಗ ನೋಡುತ್ತಿರಿ.

ಇನ್ನು ಸಪ್ಲೈನ ಬೆನ್ನು. ಕೆಲವದರಲ್ಲಿ 115/230 ಅಂತ ಬರೆದ ಪುಟ್ಟ ಸ್ಲೈಡ್ ಸ್ವಿಚ್ ಇರುತ್ತದೆ. ಫ್ಯಾಕ್ಟರಿಯಿಂದ 115ರಲ್ಲೇ ಬಂದಿರಬಹುದು. ಹಾಗೇ ನಮ್ಮ ಲೈನಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ, ಅದೃಷ್ಟ ಕೆಟ್ಟರೆ ಒಳಗಿನ ಸರ್ಕ್ಯೂಟೇ ಹೋಗುತ್ತದೆ. ಸ್ವಿಚ್ ಬದಲಿಸಿದರೆ ಫ್ಯೂಸೂ ಬದಲಾಗಬೇಕು. 230ಕ್ಕೆ ಹಾಕುವ ಫ್ಯೂಸ್ 115ರದ್ದಕ್ಕಿಂತ ಹೆಚ್ಚುಕಡಿಮೆ ಅರ್ಧ. ಎಷ್ಟು ಅಂತ ಫ್ಯೂಸ್ ಹೋಲ್ಡರಿನ ಪಕ್ಕದಲ್ಲೇ ಬರೆದಿರುತ್ತದೆ. ಅಲ್ಲಿ ಇಂಗ್ಲಿಷಿನ 'ಟಿ' ಅಕ್ಷರ ಇದ್ದರೆ ನಿಧಾನವಾಗಿ ಹೋಗುವ ಫ್ಯೂಸ್, 'ಎಫ್' ಇದ್ದರೆ ತಕ್ಷಣ ಹೋಗುವಂಥದ್ದು. ಸಿಗರೇಟಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತುವುದು ಖಂಡಿತ ಬೇಡ.

ಇಡುವ ಜಾಗ ಗಟ್ಟಿ ಟೇಬಲ್ ಆಗಿರಲಿ, ನೀರಿನ ಸಿಂಕ್‌ನಿಂದ ದೂರ ಇರಲಿ. ಹಿಂದೆ ಒಂದು ಗೇಣು ಖಾಲಿ ಬಿಡಿ. ಟ್ರಾನ್ಸ್‌ಫಾರ್ಮರ್ ಇರುವ, ಭಾರವಾದ ಹಳೇ ಬಗೆಯ ಲೀನಿಯರ್ ಸಪ್ಲೈ ಆದರೆ ಇದು ಇನ್ನೂ ಮುಖ್ಯ. 5 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆದರೆ ಲೋಡಿಗೆ ಹೋಗುವುದು 25 ವಾಟ್. ಅದಕ್ಕಿಂತ ಜಾಸ್ತಿ ಶಾಖ ಬೆನ್ನಿನ ಹೀಟ್‌ಸಿಂಕ್‌ನಲ್ಲಿ ಹುಟ್ಟಬಹುದು. ಅಂಥ ಸಪ್ಲೈನ ವೋಲ್ಟೇಜ್ ಗುಂಡಿ ಏರಿಸುತ್ತಾ ಹೋದರೆ ನಡುವೆ ಒಳಗಿನಿಂದ "ಟಕ್" ಅಂತ ಸದ್ದು ಬರುತ್ತದೆ. ಗಾಬರಿ ಬೇಡ. ಶಾಖ ಕಡಿಮೆ ಮಾಡಲೆಂದು ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್ ಬದಲಿಸುವ ರಿಲೇ ಅದು. ಸಪ್ಲೈ ಮೇಲೆ ರೆಕಾರ್ಡ್ ಪುಸ್ತಕ ಪೇರಿಸಿಡುವ ಅಭ್ಯಾಸ ಮಾತ್ರ ಬಿಡಿಸಿ. ಗೋಡೆಯ ಸ್ವಿಚ್ಚಿಗೆ ಕೈ ಸುಲಭವಾಗಿ ಎಟುಕಬೇಕು, ಬೆಂಚಿನ ಮೇಲೆ ಬಗ್ಗಿ ಹುಡುಕುವಂತಿರಬಾರದು.

ಪ್ರಶ್ನೆ: ಅಕ್ಕಾ, ನಂದು ಮೊಬೈಲ್ ರಿಪೇರಿ ಅಂಗಡಿ. ಸಪ್ಲೈನಲ್ಲಿ ಕರೆಂಟ್ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿ ಇಟ್ಟುಬಿಡ್ತೀನಿ. ಶಾರ್ಟ್ ಇರುವ ಬೋರ್ಡ್ ಬಂದರೆ ಹೊಗೆ ಬರುತ್ತೆ. ಆ ಗುಂಡಿಯನ್ನು ಎಷ್ಟಕ್ಕೆ ಇಡಬೇಕು? ಆರ್‌ಸಿಸಿಬಿ ಹಾಕಿಸಿದರೆ ಇದು ನಿಲ್ಲುತ್ತಾ?
— ಸಕಲೇಶಪುರ

ಆರ್‌ಸಿಸಿಬಿ ಹಾಕಿಸಿ ತಮ್ಮಾ, ಅದು ನಿನ್ನ ಜೀವಕ್ಕೆ. ಬೋರ್ಡನ್ನು ಅದು ಕಾಯುವುದಿಲ್ಲ. ಸಪ್ಲೈನ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಮುಂದಿನ ಡಿಸಿ ಕಡೆ ಏನಾದರೂ ಗೋಡೆಯ ಆರ್‌ಸಿಸಿಬಿಗೆ ಕಾಣುವುದಿಲ್ಲ. ಬೋರ್ಡನ್ನು ಕಾಯಬೇಕಾದ್ದು ನೀನು ಪೂರ್ತಿ ತಿರುಗಿಸಿಟ್ಟಿರುವ ಆ ಗುಂಡಿಯೇ.

ಹೀಗೆ ಮಾಡು. ಏನನ್ನೂ ಜೋಡಿಸದೆ ವೋಲ್ಟೇಜನ್ನು 4ಕ್ಕೆ ತಾ. ಕರೆಂಟ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸು. ಈಗ ಕೆಂಪು, ಕಪ್ಪು ಕ್ಲಿಪ್ ಎರಡನ್ನೂ ಒಂದಕ್ಕೊಂದು ಕಚ್ಚಿಸು. ಹೆದರಬೇಡ, ಇದು ಸಪ್ಲೈಗೆ ಏನೂ ಮಾಡುವುದಿಲ್ಲ. 'ಸಿ.ಸಿ.' ದೀಪ (ಕರೆಂಟ್ ಮಿತಿಗೆ ಬಂದಿದೆ ಅನ್ನುವ ಗುರುತು) ಹತ್ತುತ್ತದೆ, ವೋಲ್ಟ್ ಸೊನ್ನೆ ಹತ್ತಿರ ಬೀಳುತ್ತದೆ. ಕರೆಂಟ್ ಗುಂಡಿಯನ್ನು ಮೆಲ್ಲಗೆ ಏರಿಸುತ್ತಾ ಆಂಪಿಯರ್ ಕಡೆ 1.00 ಬಂದಾಗ ನಿಲ್ಲಿಸು. ಕ್ಲಿಪ್ ಬಿಡಿಸು. 'ಸಿ.ವಿ.' ದೀಪ (ವೋಲ್ಟೇಜ್ ಇಟ್ಟಷ್ಟೇ ನಿಂತಿದೆ ಅನ್ನುವ ಗುರುತು) ವಾಪಸ್ ಬಂದು ವೋಲ್ಟ್ 4 ತೋರಿಸುತ್ತದೆ. ಇನ್ನು ಏನೇ ಶಾರ್ಟ್ ಇರಲಿ, ಸಪ್ಲೈ 1 ಆಂಪಿಯರ್ ದಾಟಿ ಕೊಡುವುದಿಲ್ಲ. ಕೆಲವು ಹೊಸ ಮಾಡೆಲ್‌ಗಳಲ್ಲಿ ಶಾರ್ಟ್ ಮಾಡದೆಯೇ ಬಟನ್ ಒತ್ತಿ ಈ ಮಿತಿ ಇಡಬಹುದು.

ಬೋರ್ಡ್ ಜೋಡಿಸುವಾಗ ಔಟ್‌ಪುಟ್ ಆಫ್ ಇರಲಿ. ಸಪ್ಲೈನ ಬಾಯಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಔಟ್‌ಪುಟ್ ಆನ್ ಇದ್ದಾಗ ಕ್ಲಿಪ್ ತಾಗಿಸಿದರೆ ಅದರಲ್ಲಿ ತುಂಬಿದ್ದೆಲ್ಲ ಒಂದೇ ಸಲ ಬೋರ್ಡಿಗೆ ನುಗ್ಗುತ್ತದೆ, ಆ ಕ್ಷಣಕ್ಕೆ ನಿನ್ನ 1 ಆಂಪಿಯರ್ ಮಿತಿ ಲೆಕ್ಕಕ್ಕಿಲ್ಲ. ಕ್ಲಿಪ್ ತುದಿಯಲ್ಲಿ ಚಟ್ ಅಂತ ಕಿಡಿ ಕಾಣುವುದು ಅದೇ. ಮೊದಲು ಜೋಡಿಸು, ಪೋಲಾರಿಟಿ (+, − ಸರಿಯಾಗಿದೆಯಾ ಅಂತ) ನೋಡು, ಆಮೇಲೆ ಔಟ್‌ಪುಟ್ ಒತ್ತು.

ಈಗ ಆಂಪಿಯರ್ ಡಿಸ್‌ಪ್ಲೇ ನೋಡುತ್ತಾ ಇರು. ಫೋನಿನ ಪವರ್ ಬಟನ್ ಒತ್ತುವ ಮೊದಲು ಸೊನ್ನೆ ಹತ್ತಿರ ಇರಬೇಕು. ಒತ್ತದೆಯೇ ಕರೆಂಟ್ ಎಳೆಯುತ್ತಿದ್ದರೆ ಬ್ಯಾಟರಿ ಲೈನಿನಲ್ಲೇ ಸೋರಿಕೆ ಇದೆ. ವೋಲ್ಟ್ ಕೆಳಗೆ ಕುಸಿದು 'ಸಿ.ಸಿ.' ದೀಪ ಹತ್ತಿದರೆ ಪೂರ್ತಿ ಶಾರ್ಟ್. ಮಿತಿ ಇಟ್ಟಿರುವುದರಿಂದ ಹೊಗೆ ಬರುವ ಮೊದಲೇ ಇಷ್ಟು ಗೊತ್ತಾಯಿತು ಅಲ್ವಾ?

ಫೋನ್ ಆನ್ ಆಗುತ್ತಾ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ ಬೋರ್ಡಿನ ಮೇಲೆ ಸಿಟ್ಟಾಗುವ ಮೊದಲು ನಿನ್ನ ವೈರ್ ನೋಡಿಕೋ. 0.5 ಚದರ ಮಿಲಿಮೀಟರ್‌ನ ತಾಮ್ರದ ವೈರ್, ಹೋಗಲು ಒಂದು ಮೀಟರ್, ಬರಲು ಒಂದು ಮೀಟರ್ ಅಂದರೆ ಸುಮಾರು 0.07 ಓಮ್. ಮಿತಿ ಏರಿಸಿ 2 ಆಂಪಿಯರ್ ಎಳೆದಾಗ ಅಲ್ಲೇ 0.14 ವೋಲ್ಟ್ ಹೋಯಿತು. ಸಡಿಲ ಕ್ಲಿಪ್, ಕಪ್ಪಾದ ಬನಾನಾ ಪ್ಲಗ್ ಸೇರಿದರೆ ಇನ್ನೂ ಜಾಸ್ತಿ. ಗಿಡ್ಡ, ದಪ್ಪ ವೈರ್ ಹಾಕು. ಕ್ಲಿಪ್ಪಿಗೆ ರಬ್ಬರ್ ತೋಳು ಇರಲಿ. ಕೆಂಪಿಗೆ ಕೆಂಪೇ, ಕಪ್ಪಿಗೆ ಕಪ್ಪೇ. ಎರಡಕ್ಕೂ ಒಂದೇ ಬಣ್ಣದ ವೈರ್ ಹಾಕಿ "ನಂಗೆ ಗೊತ್ತಿರುತ್ತೆ" ಅನ್ನುವುದು ಬೇಡ, ನಿನ್ನ ಅಂಗಡಿ ಹುಡುಗನಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ನಮ್ಮ ಕಾಫಿ ತೋಟದ ಬ್ಯಾಟರಿ ಸ್ಪ್ರೇಯರ್‌ನ ಚಾರ್ಜರ್ ಕೆಟ್ಟಿದೆ. ಮಗ ಇಂಜಿನಿಯರಿಂಗ್ ಓದುವಾಗ ತಂದ ಪವರ್ ಸಪ್ಲೈ ಮನೆಯಲ್ಲಿದೆ. ಅದರಿಂದ 12 ವೋಲ್ಟ್, 8 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಚಾರ್ಜ್ ಮಾಡಬಹುದೇ? ನಮ್ಮಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿರುತ್ತದೆ.
— ಕಾಫಿ ಬೆಳೆಗಾರರು, ಆಲ್ದೂರು

ಮಾಡಬಹುದು, ಅದು ಸೀಲ್ ಆದ ಲೆಡ್ ಆಸಿಡ್ ಬ್ಯಾಟರಿ ಆಗಿದ್ದರೆ. ಮೊದಲು ಬ್ಯಾಟರಿ ಮೇಲಿನ ಲೇಬಲ್ ಓದಿ. ಈಗಿನ ಕೆಲವು ಸ್ಪ್ರೇಯರ್‌ಗಳಲ್ಲಿ ಲಿಥಿಯಂ ಬ್ಯಾಟರಿ ಬರುತ್ತಿದೆ. ಅದಾದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಅದರದ್ದೇ ಚಾರ್ಜರ್ ತರಿಸಿ. ಲಿಥಿಯಂ ಸೆಲ್‌ಗೆ ವೋಲ್ಟೇಜ್ ಸ್ವಲ್ಪ ಏರಿದರೂ ಬೆಂಕಿ ಹತ್ತಬಹುದು. ತೋಟದ ಮನೆಯಲ್ಲಿ ಗೋಣಿಚೀಲ, ಪೆಟ್ರೋಲ್ ಕ್ಯಾನ್ ಎಲ್ಲ ಒಂದೇ ಕೋಣೆಯಲ್ಲಿರುತ್ತವೆ.

ಲೆಡ್ ಆಸಿಡ್ ಅಂತ ಖಾತ್ರಿಯಾಯಿತು ಅಂದುಕೊಳ್ಳೋಣ. ಬ್ಯಾಟರಿ ಮೇಲೆ 'ಸೈಕಲ್ ಯೂಸ್' (ಮತ್ತೆ ಮತ್ತೆ ಚಾರ್ಜ್ ಮಾಡಿ ಬಳಸುವುದು) ಅಂತ ಬರೆದು ಎಷ್ಟು ವೋಲ್ಟ್ ಅಂತ ಕೊಟ್ಟಿರುತ್ತಾರೆ. 12 ವೋಲ್ಟ್‌ನದಕ್ಕೆ ಅದು ಸಾಮಾನ್ಯವಾಗಿ 14.4ರಿಂದ ಶುರು. ಜೊತೆಗೆ ಗರಿಷ್ಠ ಕರೆಂಟ್ ಎಷ್ಟು ಅಂತಲೂ ಇರುತ್ತದೆ. 8 ಎಎಚ್‌ಗೆ ನಾನಾದರೆ 0.8 ಆಂಪಿಯರ್‌ಗೆ ಇಡುತ್ತೇನೆ. ನಿಧಾನ ಆಗುತ್ತದೆ, ಆದರೆ ಬ್ಯಾಟರಿ ಬಿಸಿ ಆಗುವುದಿಲ್ಲ. ಮೇಲೆ ಸಕಲೇಶಪುರದವರಿಗೆ ಹೇಳಿದ ಕ್ರಮದಲ್ಲೇ ಮಿತಿ ಇಡಿ. ಕ್ಲಿಪ್ ಶಾರ್ಟ್ ಮಾಡುವುದು ಬ್ಯಾಟರಿ ಜೋಡಿಸುವ ಮೊದಲು, ಸಪ್ಲೈ ಕಡೆ ಮಾತ್ರ. ಬ್ಯಾಟರಿ ಸೇರಿದ ಮೇಲೆ ಆ ಎರಡು ಕ್ಲಿಪ್ ಒಂದಕ್ಕೊಂದು ತಾಗಲೇಬಾರದು. ಸಪ್ಲೈಗೆ ಇರುವ ಮಿತಿ ಬ್ಯಾಟರಿಗೆ ಇಲ್ಲ. ಆ ಪುಟ್ಟ ಬ್ಯಾಟರಿ ಶಾರ್ಟ್ ಆದರೆ ಹತ್ತಾರು ಆಂಪಿಯರ್ ಸುರಿದು ವೈರನ್ನು ಕೆಂಪಗೆ ಕಾಯಿಸುತ್ತದೆ. ಕೈಯಲ್ಲಿ ಬಳೆ, ಉಂಗುರ ಇದ್ದರೆ ತೆಗೆದಿಟ್ಟು ಕೆಲಸ ಮಾಡಿ. ಬ್ಯಾಟರಿಯ + ತುದಿಯ ಪಕ್ಕದಲ್ಲೇ 3 ಆಂಪಿಯರ್‌ನ ಒಂದು ಫ್ಯೂಸ್ ಹಾಕಿಸಿ. ಬೈಕಿಗೆ ಹಾಕುವ ಫ್ಯೂಸ್ ಹೋಲ್ಡರೇ ಸಾಕು.

ನೀವು ಕರೆಂಟ್ ಹೋಗಿ ಬರುವ ಮಾತು ಬರೆದದ್ದು ಒಳ್ಳೆಯದಾಯಿತು. ಎಷ್ಟೋ ಸಪ್ಲೈ ಹಾಳಾಗುವುದು ಅಲ್ಲೇ. ಕರೆಂಟ್ ಹೋದ ಕೂಡಲೇ ಸಪ್ಲೈ ಸತ್ತಿರುತ್ತದೆ, ಬ್ಯಾಟರಿಗೆ ಜೀವ ಇರುತ್ತದೆ. ಬ್ಯಾಟರಿಯಿಂದ ಕರೆಂಟ್ ಹಿಮ್ಮುಖವಾಗಿ ಸಪ್ಲೈ ಒಳಗೆ ಹರಿಯುತ್ತದೆ. ಕೆಲವು ಸಪ್ಲೈ ಇದನ್ನು ತಡೆದುಕೊಳ್ಳುತ್ತವೆ, ಕೆಲವದರಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟು ಹೋಗುತ್ತದೆ. ಸಪ್ಲೈನ ಕೆಂಪು ಟರ್ಮಿನಲ್‌ಗೂ ಬ್ಯಾಟರಿಯ + ತುದಿಗೂ ನಡುವೆ 5 ಆಂಪಿಯರ್‌ನ ಒಂದು ಶಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿದರೆ ಈ ಹಿಮ್ಮುಖ ದಾರಿ ಮುಚ್ಚುತ್ತದೆ. ಡಯೋಡಿನ ಬಿಳಿ ಗೆರೆ ಇರುವ ತುದಿ ಬ್ಯಾಟರಿ ಕಡೆಗೆ. ಡಯೋಡ್ ಅರ್ಧ ವೋಲ್ಟಿನವರೆಗೆ ತಿನ್ನುತ್ತದೆ, ಹಾಗಾಗಿ ಚಾರ್ಜ್ ಮುಗಿಯುವ ಹೊತ್ತಿಗೆ ಮಲ್ಟಿಮೀಟರನ್ನು ಬ್ಯಾಟರಿಯ ತುದಿಗೇ ಇಟ್ಟು ನೋಡಿ. 14.4 ದಾಟಬಾರದು.

ಶುರುವಿನಲ್ಲಿ 'ಸಿ.ಸಿ.' ದೀಪ ಇರುತ್ತದೆ. ಬ್ಯಾಟರಿ ತುಂಬುತ್ತಾ ಬಂದಂತೆ 'ಸಿ.ವಿ.'ಗೆ ಬದಲಾಗಿ ಕರೆಂಟ್ ಇಳಿಯುತ್ತದೆ. 0.1 ಆಂಪಿಯರ್ ಹತ್ತಿರ ಬಂದರೆ ತುಂಬಿತು ಅಂತಲೇ, ಬಿಚ್ಚಿಬಿಡಿ. 14.4ರಲ್ಲಿ ರಾತ್ರಿಯಿಡೀ ಬಿಟ್ಟು ಮಲಗಬೇಡಿ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರಬಹುದು, ಗಾಳಿ ಆಡುವ ಜಾಗದಲ್ಲಿಡಿ. ಕಟ್ಟಿಗೆ ಒಲೆ, ಕಾಫಿ ಹುರಿಯುವ ಜಾಗದಿಂದ ದೂರ.

ಪ್ರಶ್ನೆ: ಮೇಡಂ, ಪ್ರಾಜೆಕ್ಟಿಗೆ 741 ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಬಳಸಬೇಕು. +15 ಮತ್ತು −15 ಬೇಕು ಅಂತ ಬರೆದಿದೆ. 741ರಲ್ಲಿ ಗ್ರೌಂಡ್ ಪಿನ್ನೇ ಇಲ್ಲ! ಸಪ್ಲೈನಲ್ಲಿ ಕೆಂಪು, ಕಪ್ಪು, ಹಸಿರು ಮೂರು ಟರ್ಮಿನಲ್ ಇವೆ. ಹಸಿರನ್ನು ಗ್ರೌಂಡ್ ಅಂತ ತೆಗೆದುಕೊಂಡು ಸ್ಕೋಪ್ (ವೋಲ್ಟೇಜಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್) ಹಾಕಿದರೆ ಏನೂ ಬರುತ್ತಿಲ್ಲ. ಗೆಳೆಯ ಸ್ಕೋಪಿನ ಅರ್ತ್ ಪಿನ್ ತೆಗೆದು ಹಾಕು ಅನ್ನುತ್ತಾನೆ.
— ವಿದ್ಯಾರ್ಥಿನಿ, ಹಾಸನ

ಗೆಳೆಯನ ಮಾತು ಕೇಳಬೇಡಮ್ಮಾ. ಸ್ಕೋಪಿನ ಅರ್ತ್ ಪಿನ್ ತೆಗೆದರೆ ಪ್ರೋಬಿನ ಕಪ್ಪು ಕ್ಲಿಪ್ ಎಲ್ಲಿ ಕಚ್ಚಿರುತ್ತದೋ ಆ ವೋಲ್ಟೇಜು ಸ್ಕೋಪಿನ ಅಷ್ಟೂ ಬಾಡಿಗೆ ಬರುತ್ತದೆ. ಮೂಡಿಗೆರೆಯವರಿಗೆ ಹೇಳಿದ ಕಥೆಯೇ ಇಲ್ಲೂ.

ಹಸಿರು ಟರ್ಮಿನಲ್ ಅಂದರೆ ಸಪ್ಲೈನ ಬಾಡಿ, ಗೋಡೆಯ ಅರ್ತ್. ಕೆಂಪು ಮತ್ತು ಕಪ್ಪು ಅದಕ್ಕೆ ಸೇರಿರುವುದಿಲ್ಲ, ಎರಡೂ ತೇಲುತ್ತಿರುತ್ತವೆ. ಬ್ಯಾಟರಿಗೆ ಹೇಗೆ ನೆಲದ ಸಂಬಂಧ ಇಲ್ಲವೋ ಹಾಗೆ. ಹಾಗಾಗಿ ಕೆಂಪಿಗೂ ಹಸಿರಿಗೂ ನಡುವೆ ಬಲ್ಬ್ ಹಾಕಿದರೆ ಹತ್ತುವುದೇ ಇಲ್ಲ. ಕೆಲವು ಸಪ್ಲೈಗಳಲ್ಲಿ ಕಪ್ಪಿಗೂ ಹಸಿರಿಗೂ ನಡುವೆ ಒಂದು ಹಿತ್ತಾಳೆಯ ಪಟ್ಟಿ ಇರುತ್ತದೆ. ಅದು ಬಿಗಿಯಾಗಿದ್ದರೆ ಆ ಚಾನೆಲ್‌ನ ಕಪ್ಪು ಅರ್ತ್ ಆದಂತೆ.

ನಿನ್ನ ಸಪ್ಲೈಗೆ ಎರಡು ಚಾನೆಲ್, ಅಂದರೆ ಬೇರೆ ಬೇರೆ ಎರಡು ಔಟ್‌ಪುಟ್, ಇದೆ ಅಂದುಕೊಂಡಿದ್ದೇನೆ. ಎರಡನ್ನೂ 15ಕ್ಕೆ ಇಡು. ಕರೆಂಟ್ ಮಿತಿ 0.05 ಆಂಪಿಯರ್ ಸಾಕು. 741 ತನ್ನ ಹೊಟ್ಟೆಗೆ ತೆಗೆದುಕೊಳ್ಳುವುದು ಮೂರು ಮಿಲಿಆಂಪಿಯರ್ ಒಳಗೇ. ಈಗ ಮೊದಲ ಚಾನೆಲ್‌ನ ಕಪ್ಪನ್ನು ಎರಡನೆಯದರ ಕೆಂಪಿಗೆ ಒಂದು ವೈರಿನಿಂದ ಸೇರಿಸು. ಆ ಸೇರಿದ ಜಾಗವೇ ನಿನ್ನ ಸೊನ್ನೆ. ಮೊದಲನೆಯದರ ಕೆಂಪು +15, ಅದು 741ರ 7ನೇ ಪಿನ್ನಿಗೆ. ಎರಡನೆಯದರ ಕಪ್ಪು −15, ಅದು 4ನೇ ಪಿನ್ನಿಗೆ. ಚಿಪ್‌ನಲ್ಲಿ ಗ್ರೌಂಡ್ ಪಿನ್ ಇರಬೇಕಾಗಿಯೇ ಇಲ್ಲ. ಬ್ರೆಡ್‌ಬೋರ್ಡಿನ ನಡು ಸಾಲಿಗೆ ಸೊನ್ನೆ ತಂದು, ಇನ್‌ಪುಟ್ ಮತ್ತು ಲೋಡಿನ ಇನ್ನೊಂದು ತುದಿಗಳನ್ನು ಅಲ್ಲಿಗೆ ಸೇರಿಸಿದರೆ ಆಯಿತು. ಬಳಸುವುದು 741ಸಿ ಆದರೆ +18, −18 ದಾಟಬೇಡ. ಎರಡೂ ಚಾನೆಲ್ ಒಟ್ಟಿಗೆ ಆನ್ ಆಗುವ ಬಟನ್ ಇದ್ದರೆ ಅದನ್ನೇ ಬಳಸು.

ಸ್ಕೋಪಿನ ಕಪ್ಪು ಕ್ಲಿಪ್ ಸೊನ್ನೆಗೆ ಮಾತ್ರ. ಆ ಕ್ಲಿಪ್ ಒಳಗಿನಿಂದ ಅರ್ತ್‌ಗೆ ಸೇರಿರುತ್ತದೆ. ಎರಡನೇ ಚಾನೆಲ್‌ನ ಕಪ್ಪಿಗೂ ಹಸಿರಿಗೂ ಪಟ್ಟಿ ಹಾಕಿದ್ದು, ಕ್ಲಿಪ್ಪನ್ನು ಸೊನ್ನೆಗೆ ಹಾಕಿದರೆ ಏನಾಯಿತು ನೋಡು: −15 ಕೂಡಾ ಅರ್ತ್, ಸೊನ್ನೆ ಕೂಡಾ ಅರ್ತ್. ಎರಡನೇ ಚಾನೆಲ್ ಗೋಡೆಯ ಅರ್ತ್ ವೈರ್ ಮೂಲಕ ಶಾರ್ಟ್ ಆಗಿ 'ಸಿ.ಸಿ.' ದೀಪ ಹತ್ತುತ್ತದೆ. ಸ್ಕೋಪಿನಲ್ಲಿ ಏನೂ ಬರುತ್ತಿಲ್ಲ ಅಂದೆಯಲ್ಲ, ಮೊದಲು ನಿನ್ನ ಸೊನ್ನೆಯ ಜಾಗ ಸರಿಮಾಡು, ಆಮೇಲೆ ಈ ಪಟ್ಟಿ ಬಿಚ್ಚಿದೆಯಾ ನೋಡು.

ಇನ್ನೊಂದು. 32 ವೋಲ್ಟ್‌ನ ಎರಡು ಚಾನೆಲ್ ಸರಣಿಯಲ್ಲಿ ಪೂರ್ತಿ ಏರಿಸಿದರೆ 64 ಆಗುತ್ತದೆ. ಲ್ಯಾಬ್ ಉಪಕರಣಗಳ ಅಂತರರಾಷ್ಟ್ರೀಯ ಸುರಕ್ಷಾ ಮಾನಕ ಐಇಸಿ 61010, ಒಣ ಜಾಗದಲ್ಲಿ 60 ವೋಲ್ಟ್ ಡಿಸಿ ದಾಟಿದರೆ ಮುಟ್ಟಬಾರದ್ದು ಅನ್ನುತ್ತದೆ. ಒದ್ದೆ ಜಾಗದಲ್ಲಿ ಬರೀ 35. ಮಳೆಯಲ್ಲಿ ನೆನೆದು ಬಂದು ಒದ್ದೆ ಕೈಯಲ್ಲಿ ಬೆಂಚಿಗೆ ಕೂರುವ ಮಕ್ಕಳಿಗೆ ಎರಡನೆಯ ಸಂಖ್ಯೆಯೇ ಅನ್ವಯ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಮಳೆಗಾಲದಲ್ಲಿ ಸಪ್ಲೈ ಕಾಪಾಡುವುದು ಹೇಗೆ? ಹಿಂದಿನ ಜಾಲರಿಯಲ್ಲಿ ಕಡಜ ಗೂಡು ಕಟ್ಟಿದೆ, ಕವರ್ ಬಿಚ್ಚಿ ತೆಗೆಯಲೇ?
— ಶೃಂಗೇರಿ

ಕವರ್ ಬಿಚ್ಚಬೇಡಿ. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಪ್ಲಗ್ ತೆಗೆದು, ಗೂಡಿನ ಮಣ್ಣನ್ನು ಹೊರಗಿನಿಂದಲೇ ಒಣ ಬ್ರಷ್‌ನಲ್ಲಿ ಕೆದಕಿ. ಜಾಲರಿ ಕೆಳಮುಖವಾಗಿರಲಿ, ಮಣ್ಣು ಒಳಗೆ ಬೀಳದಂತೆ. ಫ್ಯಾನ್ ತಿರುಗದಿದ್ದರೆ, ಮಣ್ಣು ಒಳಗೇ ಹೋಗಿದ್ದರೆ ರಿಪೇರಿ ಗೊತ್ತಿರುವವರಿಗೆ ಕೊಡಿ.

ತಿಂಗಳುಗಟ್ಟಲೆ ಬಳಸದೆ ಇಟ್ಟ ಸಪ್ಲೈಯನ್ನು ಥಂಡಿ ಕೋಣೆಯಿಂದ ತಂದ ಕೂಡಲೇ ಆನ್ ಮಾಡಬೇಡಿ. ತಣ್ಣಗಿನ ಲೋಹದ ಮೇಲೆ ತೇವ ಕೂತಿರುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಎರಡು ಮೂರು ಗಂಟೆ ಇಟ್ಟು ಆಮೇಲೆ ಪ್ಲಗ್ ಹಾಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಲೋಡ್ ಇಲ್ಲದೆ ಅರ್ಧ ಗಂಟೆ ಓಡಿಸಿದರೆ ಒಳಗಿನ ತೇವ ಹೋಗುತ್ತದೆ. ಗುಡುಗು ಸಿಡಿಲಿನ ದಿನ ಮೋಡ ಕಟ್ಟುವಾಗಲೇ ಪ್ಲಗ್ ತೆಗೆದಿಡಿ. ಸಿಡಿಲು ಹೊಡೆಯುತ್ತಿರುವಾಗ ಪ್ಲಗ್ ಮುಟ್ಟಲು ಹೋಗಬೇಡಿ. ಕರೆಂಟ್ ಹೋದರೆ ಸಪ್ಲೈನ ಸ್ವಿಚ್ಚನ್ನೂ ಆಫ್ ಮಾಡಿ. ಹಳೇ ಮಾಡೆಲ್‌ಗಳು ಕರೆಂಟ್ ಬಂದ ಕೂಡಲೇ ಗುಂಡಿ ಇದ್ದಷ್ಟೇ ವೋಲ್ಟೇಜನ್ನು ಸೀದಾ ಔಟ್‌ಪುಟ್‌ಗೆ ಕೊಟ್ಟುಬಿಡುತ್ತವೆ, ನೀವು ಕೋಣೆಯಲ್ಲಿ ಇದ್ದರೂ, ಇಲ್ಲದಿದ್ದರೂ.

ಮುಂದಿನ ತಿಂಗಳಿಗೆ ಪ್ರಶ್ನೆ ಕಳಿಸುವವರು ಸಪ್ಲೈನ ಹಿಂಬದಿಯ ಫೋಟೋ ಕಳಿಸಿ. ಲೇಬಲ್, ಫ್ಯೂಸ್ ಹೋಲ್ಡರ್, ಪವರ್ ಕಾರ್ಡಿನ ಪ್ಲಗ್, ಮೂರೂ ಕಾಣುವಂತಿರಲಿ.